ಕುರು ಹಣ್ಣಾಯಿತೇ? ಹಿಂಡಬೇಡಿ, ಕೀವು ತೆಗೆಸಿ

ಸೆಕೆ ಏರಿತೆಂದರೆ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಕುರುವಿನ ಕಾಟ ಶುರು. ಮಾವಿನ ಹಣ್ಣು ತಿಂದದ್ದು ಜಾಸ್ತಿಯಾಯಿತು, ಉಷ್ಣ ಆಯಿತು ಅನ್ನುತ್ತೇವೆ. ಆದರೆ ಹೆಚ್ಚಿನ ಕುರುಗಳಿಗೆ ಕಾರಣ ಸ್ಟಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾ. ಬೆವರಿನಿಂದ ತರಚಿದ ಜಾಗ, ಕತ್ತಿಯ ಗೀರು, ಮುಳ್ಳು ಚುಚ್ಚಿದ ತೂತು, ಎಲ್ಲಿಂದಲಾದರೂ ಅದು ಒಳಗೆ ಸೇರಬಹುದು. ದೇಹ ಅದರ ಸುತ್ತ ಗೋಡೆ ಕಟ್ಟುತ್ತದೆ, ನಡುವೆ ಕೀವು ತುಂಬುತ್ತದೆ. ಆ ಗೋಡೆಯ ಒಳಗೆ ಆಂಟಿಬಯೋಟಿಕ್ ಸರಿಯಾಗಿ ತಲುಪುವುದಿಲ್ಲ. ಹಾಗಾಗಿ ಬರೀ ಮಾತ್ರೆ ನುಂಗಿ ಕಾಯಬೇಡಿ. ಕೀವು ಹೊರಗೆ ಬರಲೇಬೇಕು.

ಮನೆಯಲ್ಲಿ ಎಷ್ಟು ಮಾಡಬಹುದು?

ಕುರು ಚಿಕ್ಕದಾಗಿ, ಗಟ್ಟಿಯಾಗಿದ್ದರೆ ಬಿಸಿ ಶಾಖ ಕೊಡಿ. ಶುಭ್ರವಾದ ಬಟ್ಟೆಯನ್ನು ತಾಳುವಷ್ಟು ಬಿಸಿ ನೀರಲ್ಲಿ ಅದ್ದಿ ಹಿಂಡಿ, 10ರಿಂದ 15 ನಿಮಿಷ ಇಡಿ. ದಿನಕ್ಕೆ ಮೂರು ನಾಲ್ಕು ಸಲ ಸಾಕು. ಕೆಲವು ತಾವಾಗಿಯೇ ಒಡೆಯುತ್ತವೆ. ಸುಣ್ಣ-ಬೆಲ್ಲ ಹಚ್ಚುವ ರೂಢಿ ಬಿಡಿ, ಸುಣ್ಣ ಚರ್ಮವನ್ನು ಸುಡುತ್ತದೆ. ಸೂಜಿ, ಬ್ಲೇಡು ಬೇಡವೇ ಬೇಡ. ಹಿಂಡಿದರೆ ಕೀವು ಇನ್ನೂ ಆಳಕ್ಕೆ ಇಳಿಯಬಹುದು. ಮೂಗು ಮತ್ತು ಮೇಲ್ತುಟಿಯ ಕುರುವನ್ನಂತೂ ಮುಟ್ಟಲೇಬಾರದು. ಅಲ್ಲಿನ ರಕ್ತನಾಳಗಳ ಮೂಲಕ ಸೋಂಕು ಮಿದುಳಿನವರೆಗೆ ಹೋಗುವ ಅಪಾಯವಿದೆ.

ಜ್ವರ, ಚಳಿ, ಕೆಂಪು ಹರಡುವುದು, ಕೆಂಪು ಗೆರೆ ಮೇಲಕ್ಕೆ ಏರುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದವರು, ಪುಟ್ಟ ಮಕ್ಕಳು, ಮುಖ, ಕುತ್ತಿಗೆ, ಎದೆ ಅಥವಾ ಗುದದ ಹತ್ತಿರ ಕುರು ಎದ್ದವರು ಶಾಖ ಕೊಡುತ್ತಾ ದಿನ ಕಳೆಯಬಾರದು.

ಆಸ್ಪತ್ರೆಯಲ್ಲಿ

ಒತ್ತಿದಾಗ ಒಳಗೆ ಮೆತ್ತಗೆ, ನೀರು ತುಂಬಿದಂತೆ ಅನಿಸಿದರೆ ಕುರು ಹಣ್ಣಾಗಿದೆ ಎಂದರ್ಥ. ಕಾಸರಗೋಡಿನ ಜನರಲ್ ಆಸ್ಪತ್ರೆಗೋ ಹತ್ತಿರದ ತಾಲೂಕು ಆಸ್ಪತ್ರೆಗೋ ಹೋಗಿ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಯಾವುದಾದರೂ ಮದ್ದಿನ ಅಲರ್ಜಿ ಇದ್ದರೆ ಮೊದಲೇ ಹೇಳಿ. ಧನುರ್ವಾಯು ತಡೆಯುವ ಟಿಟಿ ಇಂಜೆಕ್ಷನ್ ಕೊನೆಗೆ ಯಾವಾಗ ಹಾಕಿಸಿಕೊಂಡಿರಿ ಎಂಬುದನ್ನೂ ನೆನಪಿಸಿಕೊಳ್ಳಿ.

ಸುತ್ತಲಿನ ಚರ್ಮಕ್ಕೆ ಲಿಗ್ನೊಕೇನ್ ಚುಚ್ಚಿ ಮರಗಟ್ಟಿಸುತ್ತಾರೆ. ಕೀವು ತುಂಬಿದ ಜಾಗ ಆಮ್ಲೀಯವಾಗಿರುವುದರಿಂದ ಮದ್ದು ಪೂರ್ತಿ ಹಿಡಿಯದಿರಬಹುದು. ಸ್ವಲ್ಪ ನೋವಾದರೆ ಹೆದರಬೇಡಿ, ಡಾಕ್ಟರಿಗೆ ಹೇಳಿ. ಕೊಯ್ದು ಕೀವು ತೆಗೆಯುತ್ತಾರೆ. ಒಳಗೆ ಬೇರೆ ಬೇರೆ ಗೂಡುಗಳಲ್ಲಿ ಉಳಿದಿರುವ ಕೀವನ್ನೂ ಬಿಡಿಸಿ, ಸಲೈನಿನಲ್ಲಿ (ಶುದ್ಧ ಉಪ್ಪುನೀರು) ತೊಳೆಯುತ್ತಾರೆ. ಗುಳಿ ದೊಡ್ಡದಾಗಿದ್ದರೆ ಗಾಜ್ ಬಟ್ಟೆಯ ಬತ್ತಿ ಇಡುತ್ತಾರೆ. ಹೊಲಿಗೆ ಸಾಮಾನ್ಯವಾಗಿ ಹಾಕುವುದಿಲ್ಲ. "ಗಾಯ ಹಾಗೇ ಬಿಟ್ಟಿದ್ದಾರೆ" ಎಂದು ಬೇಸರಪಟ್ಟುಕೊಳ್ಳುವವರು ತುಂಬಾ ಜನ. ಬಾಯಿ ಬೇಗ ಮುಚ್ಚಿದರೆ ಒಳಗೆ ಮತ್ತೆ ಕೀವು ಕಟ್ಟುತ್ತದೆ. ಗಾಯ ತಳದಿಂದ ಮೇಲಕ್ಕೆ ತುಂಬಿಕೊಂಡು ಬರಬೇಕು.

ಹೊರಡುವ ಮುಂಚೆ ಡ್ರೆಸ್ಸಿಂಗಿಗೆ ಯಾವತ್ತು ಬರಬೇಕು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮಲಯಾಳ ಸರಿಯಾಗಿ ತಿಳಿಯದ ಅಜ್ಜ ಅಜ್ಜಿಯರ ಜೊತೆ ತಿಳಿದವರೊಬ್ಬರು ಹೋಗಿ. ಹೇಳಿದ್ದು ಅರ್ಥವಾಗದೆ ಸುಮ್ನೆ ತಲೆಯಾಡಿಸಿ ಬಂದರೆ ಮುಂದಿನ ಆರೈಕೆಯೇ ತಪ್ಪಿಹೋಗುತ್ತದೆ.

ಮನೆಗೆ ಬಂದ ಮೇಲೆ

ನನ್ನ ಮಟ್ಟಿಗೆ ಕೊಯ್ಯುವುದಕ್ಕಿಂತ ಮುಖ್ಯವಾದ ಭಾಗ ಇದು. ಬತ್ತಿ ಇಟ್ಟಿದ್ದರೆ ಸಾಮಾನ್ಯವಾಗಿ 24ರಿಂದ 48 ಗಂಟೆಯಲ್ಲಿ ಆಸ್ಪತ್ರೆಯಲ್ಲೇ ತೆಗೆಯುತ್ತಾರೆ. ನೀವೇ ಎಳೆಯಬೇಡಿ. ಆಮೇಲೆ ದಿನಕ್ಕೊಮ್ಮೆ ಡ್ರೆಸ್ಸಿಂಗ್ ಬದಲಿಸಿ. ಒದ್ದೆಯಾದರೆ ಆಗಲೇ ಬದಲಿಸಿ. ಅರ್ಧ ಗಂಟೆ ಮುಂಚೆ ಡಾಕ್ಟರು ಹೇಳಿದ ನೋವಿನ ಮಾತ್ರೆ ತೆಗೆದುಕೊಂಡರೆ ನೋವು ಕಡಿಮೆ.

ಸೋಪು ಹಾಕಿ ಕೈ ತೊಳೆಯಿರಿ. ಹಳೆ ಗಾಜ್ ಅಂಟಿಕೊಂಡಿದ್ದರೆ ನೀರು ಬಿಟ್ಟು ನೆನೆಸಿ ಬಿಡಿಸಿ. ಬಾವಿಯದ್ದಾಗಲಿ, ನೀರಿಗಾಗಿ ಗುಡ್ಡ ಕೊರೆದ ಸುರಂಗದ್ದಾಗಲಿ, ಗಾಯಕ್ಕೆ ಹಾಕುವ ನೀರು ಕುದಿಸಿ ಆರಿಸಿದ್ದೇ ಆಗಿರಬೇಕು. ಅರ್ಧ ಲೀಟರಿಗೆ ಒಂದು ಮಟ್ಟಸ ಟೀ ಚಮಚ ಉಪ್ಪು ಹಾಕಬಹುದು. ತೊಳೆದು, ಸುತ್ತಲಿನ ಚರ್ಮ ಒರೆಸಿ, ಹೊಸ ಗಾಜ್ ಇಟ್ಟು ಟೇಪ್ ಹಾಕಿ. ಹೈಡ್ರೋಜನ್ ಪೆರಾಕ್ಸೈಡ್ ದಿನಾ ಸುರಿಯಬೇಡಿ. ನೊರೆ ಬಂದರೆ ಶುದ್ಧವಾಯಿತು ಅನಿಸುತ್ತದೆ, ಆದರೆ ಅದು ಹೊಸದಾಗಿ ಬೆಳೆಯುವ ಮಾಂಸಕ್ಕೂ ಪೆಟ್ಟು ಕೊಡುತ್ತದೆ. ಅರಸಿನ ಪುಡಿಯನ್ನೂ ಒಳಗೆ ತುಂಬಬೇಡಿ.

ಗಾಯ ಮಾಯುವ ತನಕ ಕೆರೆಯಲ್ಲಿ ಮುಳುಗುವುದು ಬೇಡ. ಹಟ್ಟಿಯ ಗೊಬ್ಬರ ತೆಗೆಯುವುದು, ಅಡಿಕೆಗೆ ಮದ್ದು ಬಿಡುವುದು ಬೇರೆಯವರು ಮಾಡಲಿ. ಮೊಟ್ಟೆ, ಮೀನು ನಂಜು ಎಂದು ಪಥ್ಯ ಮಾಡಿಸುವ ಮನೆಗಳಿವೆ. ಗಾಯ ತುಂಬಲು ಪ್ರೋಟೀನ್ ಬೇಕು ಅಲ್ವಾ? ತಿನ್ನುವ ರೂಢಿ ಇರುವವರು ತಿನ್ನಲಿ, ಉಳಿದವರಿಗೆ ಹೆಸರುಕಾಳು, ಹಾಲು, ಮೊಸರು ಇದೆ. ಆಂಟಿಬಯೋಟಿಕ್ ಎಲ್ಲರಿಗೂ ಬೇಕಾಗುವುದಿಲ್ಲ. ಕೊಟ್ಟಿದ್ದರೆ ಹೇಳಿದಷ್ಟು ದಿನ ಮುಗಿಸಿ.

ತಿಳಿ ಗುಲಾಬಿ ನೀರು ಕೆಲವು ದಿನ ಜಿನುಗುವುದು ಸಹಜ. ನೋವು ಮತ್ತೆ ಏರಿದರೆ, ವಾಸನೆಯ ಕೀವು ಬಂದರೆ, ಜ್ವರ ಕಾಣಿಸಿದರೆ ತಿರುಗಿ ತೋರಿಸಿ.

ಕುರು ಪದೇ ಪದೇ ಏಳುತ್ತಿದ್ದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಇರುವುದು ಕುರುವಿನಿಂದಲೇ ಗೊತ್ತಾಗುವುದುಂಟು. ಮನೆಯಲ್ಲಿ ಒಬ್ಬರ ಬೈರಾಸು (ಟವೆಲ್), ರೇಜರ್ ಇನ್ನೊಬ್ಬರು ಬಳಸಬೇಡಿ. ಇದೇ ಬ್ಯಾಕ್ಟೀರಿಯಾ ಕೆಲವರ ಮೂಗಿನೊಳಗೂ ಉಳಿದಿರುತ್ತದೆ, ಅದಕ್ಕೆ ಹಚ್ಚುವ ಮುಲಾಮು ಡಾಕ್ಟರೇ ಬರೆದುಕೊಡುತ್ತಾರೆ.