ಇಂಗ್ಲೆಂಡಿನಲ್ಲಿ ಸೈನಸ್ ಕಟ್ಟಿದರೆ, ಹಲ್ಲು ಬಾತರೆ ಎಲ್ಲಿಗೆ ಹೋಗಬೇಕು

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಎದುರು ಮನೆಯ ಕಾಕು ಮಗನನ್ನು ಓದಲು ಇಂಗ್ಲೆಂಡಿಗೆ ಕಳಿಸುವ ಗಡಿಬಿಡಿಯಲ್ಲಿದ್ದರು. ಇಂಗ್ಲೆಂಡಿನಿಂದ ರಜೆಗೆ ಬಂದಿದ್ದ ನನ್ನನ್ನು ಕರೆದು ಬ್ಯಾಗ್ ತೋರಿಸಿದರು. ಶೇಂಗಾ ಚಟ್ನಿ, ಪೇಢೆ ಡಬ್ಬಿಗಳ ನಡುವೆ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್‌ನ ಆರು ಸ್ಟ್ರಿಪ್! "ಹಲ್ಲ ಬ್ಯಾನಿ, ನೆಗಡಿ ಬಂದ್ರ ಇರ್ಲಿ ಅಂತ ಹಾಕೀನಿ. ಅಲ್ಲಿ ಡಾಕ್ಟ್ರು ಲಗೂನ ಗುಳಗಿ ಕೊಡಂಗಿಲ್ಲಂತಲ್ಲ?" ಎಂದರು. ಸ್ಟ್ರಿಪ್ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇತ್ತು. ಡಾಕ್ಟರ ಚೀಟಿ ಇಲ್ಲದೆ ಇದನ್ನು ತೆಗೆದುಕೊಳ್ಳಬಾರದು ಎಂದೇ ಆ ಗೆರೆ ಹಾಕಿರುತ್ತಾರೆ. ಕಾನೂನು ನಮ್ಮಲ್ಲೂ ಇದೆ, ಆದರೆ ಪರಿಚಯದ ಔಷಧ ಅಂಗಡಿಯಲ್ಲಿ ಕೇಳಿದರೆ ಸಿಕ್ಕಿಬಿಡುತ್ತದೆ. ಅಲ್ಲಿ ಹಾಗೆ ಸಿಗುವುದಿಲ್ಲ.

ಅಲ್ಲಿ ಇಳಿದ ಮೊದಲ ವಾರವೇ ಮಾಡಬೇಕಾದ ಕೆಲಸ, ಮನೆ ಹತ್ತಿರದ ಜಿಪಿ ಅಂದರೆ ಸರ್ಕಾರಿ ವ್ಯವಸ್ಥೆಯ ಕುಟುಂಬ ವೈದ್ಯರಲ್ಲಿ ಹೆಸರು ನೋಂದಾಯಿಸುವುದು. ಅದಕ್ಕೆ ದುಡ್ಡಿಲ್ಲ. ವೀಸಾ ಜೊತೆಗೆ ವಿದ್ಯಾರ್ಥಿಗಳು ವರ್ಷಕ್ಕೆ 776 ಪೌಂಡ್, ಉಳಿದ ವಯಸ್ಕರು 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿರುತ್ತೀರಲ್ಲ, ಜಿಪಿಯನ್ನು ಕಾಣುವುದು ಅದರಲ್ಲೇ ಬಂತು. ಔಷಧಿ ಮತ್ತು ಹಲ್ಲಿನ ಖರ್ಚು ಮಾತ್ರ ಅದರಲ್ಲಿ ಬರುವುದಿಲ್ಲ. ಇದು ಗೊತ್ತಿಲ್ಲದೆ ನಮ್ಮ ಹುಡುಗರು ಕೌಂಟರಿನಲ್ಲಿ ಪೆಚ್ಚಾಗುತ್ತಾರೆ. ಇಂಗ್ಲೆಂಡಿನಲ್ಲಿ ಚೀಟಿಯ ಒಂದೊಂದು ಔಷಧಿಗೂ 9.90 ಪೌಂಡ್ ಹಿಡಿಯುತ್ತಾರೆ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಉಚಿತ. ಆದಾಯ ಕಡಿಮೆ ಇದ್ದವರು ಎಚ್‌ಸಿ1 ಎಂಬ ಅರ್ಜಿ ತುಂಬಿದರೆ ಪೂರ್ತಿ ಅಥವಾ ಸ್ವಲ್ಪ ರಿಯಾಯಿತಿ ಸಿಗಬಹುದು. ವಿದ್ಯಾರ್ಥಿಗಳೂ ಹಾಕಬಹುದು.

ಈಗ ಸೈನಸ್, ಅಂದರೆ ಮೂಗಿನ ಸುತ್ತಲಿನ ಮೂಳೆಯೊಳಗಿನ ಗಾಳಿಗೂಡುಗಳು ಕಟ್ಟಿಕೊಳ್ಳುವುದು. ಮೂಗು ಕಟ್ಟಿ, ಕಣ್ಣಿನ ಕೆಳಗೆ ಭಾರವಾಗಿ, ಬಗ್ಗಿದರೆ ಹಣೆ ಸಿಡಿಯುವ ನೋವು. ನಾಲ್ಕನೇ ದಿನಕ್ಕೆ ಜಿಪಿ ಹತ್ತಿರ ಹೋದರೆ ಪ್ಯಾರಾಸಿಟಮಾಲ್ ತಗೊಳ್ಳಿ, ಕಾಯಿರಿ ಎಂದು ಕಳಿಸುತ್ತಾರೆ. ಇದು ತಾತ್ಸಾರವಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಅಲ್ಲಿನ ವೈದ್ಯರು ಅನುಸರಿಸುವ ನೈಸ್ ಸಂಸ್ಥೆಯ 2017ರ ಮಾರ್ಗಸೂಚಿಯ ಪ್ರಕಾರ ಈ ತೊಂದರೆ ಬಹುತೇಕ ವೈರಸ್‌ನಿಂದ ಬರುತ್ತದೆ, 100ರಲ್ಲಿ ಸುಮಾರು 2 ಜನಕ್ಕೆ ಮಾತ್ರ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ವೈರಸ್‌ಗೆ ಆಂಟಿಬಯೋಟಿಕ್ ನಾಟುವುದಿಲ್ಲ. ಎರಡು ಮೂರು ವಾರದಲ್ಲಿ ತಾನಾಗಿ ಇಳಿಯುತ್ತದೆ.

ಹಾಗಾಗಿ ದಿನ ಎಣಿಸಿಕೊಳ್ಳಿ. ಹತ್ತು ದಿನ ದಾಟಿದರೂ ಕಡಿಮೆಯಾಗದಿದ್ದರೆ ಮೂಗಿಗೆ ಹೊಡೆದುಕೊಳ್ಳುವ ಸ್ಟೀರಾಯ್ಡ್ ಸ್ಪ್ರೇ ಕೊಡಬಹುದು. ಇಳಿದಂತಾಗಿ ಮತ್ತೆ ಜೋರಾದರೆ, 38 ಡಿಗ್ರಿ ಮೇಲೆ ಜ್ವರ ಬಂದರೆ, ಒಂದೇ ಬದಿ ವಿಪರೀತ ನೋವಿದ್ದು ಕೀವಿನಂಥ ಸಿಂಬಳ ಸುರಿದರೆ ಅದನ್ನು ಬಿಡಿಸಿ ಹೇಳಿ; ವೈದ್ಯರು ಆಂಟಿಬಯೋಟಿಕ್ ಯೋಚಿಸುವುದು ಇಂಥ ಗುರುತು ನೋಡಿಯೇ. ಸಾಮಾನ್ಯವಾಗಿ ಒಂದು ಬಗೆಯ ಪೆನಿಸಿಲಿನ್, 5 ದಿನ. ಪೆನಿಸಿಲಿನ್ ನಿಮಗೆ ಆಗಿಬರದಿದ್ದರೆ ಮೊದಲೇ ಹೇಳಿ. ಊರಿಂದ ತಂದದ್ದನ್ನು ಆಗಲೇ ನುಂಗಿದ್ದರೆ ಅದನ್ನೂ ಮುಚ್ಚಿಡಬೇಡಿ.

ಇನ್ನೊಂದು ಅನುಕೂಲ: 2024ರ ಜನವರಿ 31ರಿಂದ ಇಂಗ್ಲೆಂಡಿನಲ್ಲಿ ಫಾರ್ಮಸಿ ಫಸ್ಟ್ ಎಂಬ ಯೋಜನೆ ಇದೆ. ಸೈನಸ್ ಸೇರಿ ಏಳು ತೊಂದರೆಗಳಿಗೆ ಫಾರ್ಮಸಿಸ್ಟರೇ ಒಳಗೆ ಕೂರಿಸಿ ಪರೀಕ್ಷಿಸಿ, ಬೇಕಿದ್ದರೆ ಆಂಟಿಬಯೋಟಿಕ್ ಕೊಡುತ್ತಾರೆ. ಸೈನಸ್‌ಗೆ 12 ವರ್ಷ ತುಂಬಿರಬೇಕು.

ಹಲ್ಲಿನ ದಾರಿಯೇ ಬೇರೆ. ಇಲ್ಲಿ ನಾನೇ ಎಡವಿದ್ದೇನೆ. ಎರಡನೇ ಚಳಿಗಾಲದಲ್ಲಿ ಎಡಗಡೆ ಮೇಲಿನ ದವಡೆ ಹಲ್ಲು ನೋಯತೊಡಗಿತು. ಹುಬ್ಬಳ್ಳಿಯಿಂದ ತಂದಿದ್ದ ಗುಳಿಗೆ ಮೂರು ದಿನ ನುಂಗಿದೆ. ನೋವು ಇಳಿಯಿತು, ಬಿಟ್ಟೆ. ಮೂರನೇ ವಾರಕ್ಕೆ ಗಲ್ಲ ಬಾತು ಹೋಳಿಗೆಯಾಯಿತು. ಮೇಲಿನ ಹಲ್ಲಿನ ಬೇರು ಸೈನಸ್ ಗೂಡಿಗೆ ತಾಗಿದಂತೆಯೇ ಇರುವುದರಿಂದ ಇದು ಸೈನಸ್ ಇರಬಹುದೇನೋ ಎಂದು ಜಿಪಿಗೆ ಹೋದೆ. ಹಲ್ಲು ನೋಡುವುದು ಹಲ್ಲಿನ ಡಾಕ್ಟರು, ಸರ್ಕಾರಿ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ ಎಂದರು. ಕಾಯಂ ಹಲ್ಲಿನ ಡಾಕ್ಟರಿಲ್ಲದವರಿಗೆ ತುರ್ತು ಸಮಯ ಹುಡುಕಲು ಆ ನಂಬರೇ ಗತಿ, ಏಕೆಂದರೆ ಸರ್ಕಾರಿ ದರದಲ್ಲಿ ಹೊಸಬರನ್ನು ಸೇರಿಸಿಕೊಳ್ಳುವ ದಂತವೈದ್ಯರು ಬಹಳ ಕಡೆ ಸಿಗುವುದಿಲ್ಲ. 2025ರ ಏಪ್ರಿಲ್‌ನ ದರದಂತೆ ತುರ್ತು ಚಿಕಿತ್ಸೆಗೆ 27.40 ಪೌಂಡ್.

111ರ ಮೂಲಕ ಸಿಕ್ಕ ಹಲ್ಲಿನ ಡಾಕ್ಟರಮ್ಮ ಕನ್ನಡಿಯ ಹಿಡಿಕೆಯಿಂದ ಹಲ್ಲುಗಳನ್ನು ಒಂದೊಂದಾಗಿ ತಟ್ಟುತ್ತ ಬಂದರು. ಆ ಒಂದಕ್ಕೆ ತಾಗಿದಾಗ ಕುರ್ಚಿಯಿಂದ ಅರ್ಧ ಎದ್ದೆ. ಎಕ್ಸ್‌ರೇ ತೆಗೆದು, ಮರಗಟ್ಟಿಸಿ, ಹಲ್ಲು ಕೊರೆದರು. ಬಾಯಿ ತುಂಬ ಕೊಳೆತ ವಾಸನೆ, ಕೀವು ಹೊರಬಂತು. ತಲೆಯೊಳಗಿನ ಒತ್ತಡ ಹದಿನೈದು ನಿಮಿಷದಲ್ಲಿ ಇಳಿಯಿತು. ಗುಳಿಗೆ ಬರೆಯಲೇ ಇಲ್ಲ! ಹಲ್ಲಿನೊಳಗಿನ ನರ ಸತ್ತ ಮೇಲೆ ಅಲ್ಲಿ ರಕ್ತ ಹರಿಯುವುದಿಲ್ಲ, ರಕ್ತ ಹೋಗದ ಕಡೆ ಔಷಧಿ ಹೇಗೆ ಮುಟ್ಟೀತು ಎಂದು ವಿವರಿಸಿದರು. ಕೀವು ತೆಗೆಯಬೇಕು, ಬೇರಿನ ಚಿಕಿತ್ಸೆ ಮಾಡಬೇಕು ಇಲ್ಲವೇ ಹಲ್ಲು ಕೀಳಬೇಕು. ಜ್ವರವಿದ್ದರೆ, ಬಾವು ಹರಡುತ್ತಿದ್ದರೆ ಜೊತೆಗೆ ಆಂಟಿಬಯೋಟಿಕ್ ಕೊಡುತ್ತಾರೆ. ಅದರಲ್ಲಿ ಮೆಟ್ರೊನಿಡಜೋಲ್ ಎಂಬುದನ್ನು ಕೊಟ್ಟರೆ ಮದ್ಯ ಮುಟ್ಟಬೇಡಿ.

ಬಾವು ಕುತ್ತಿಗೆಗೋ ಕಣ್ಣಿನ ಕಡೆಗೋ ಏರಿದರೆ, ನುಂಗಲು, ಮಾತಾಡಲು, ಉಸಿರಾಡಲು ಕಷ್ಟವಾದರೆ ಯಾರ ಅಪಾಯಿಂಟ್‌ಮೆಂಟಿಗೂ ಕಾಯಬೇಡಿ. ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇಲ್ಲವೇ 999ಕ್ಕೆ ಫೋನ್ ಮಾಡಿ.

ಇಷ್ಟು ಹೇಳಿದ ಮೇಲೆ ಕಾಕು ಸ್ಟ್ರಿಪ್ಪುಗಳನ್ನು ತೆಗೆದಿಟ್ಟರು. "ಹಂಗಾರ ಮೊದ್ಲ ಹಲ್ಲ ತೋರಸ್ಕೊಂಡ ಹೋಗ್ಲಿ" ಎಂದು ಮರುದಿನವೇ ಮಗನನ್ನು ಸತ್ತೂರಿನ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋದರು. ಎರಡು ಹುಳುಕು ಹಲ್ಲು ಸಿಕ್ಕವು. ವಿಮಾನ ಹತ್ತುವ ಮೊದಲೇ ಎರಡನ್ನೂ ತುಂಬಿಸಿದರು.