ಮಗನ ನಾಡಿ 46, ಜೊತೆಗೆ ಏದುಸಿರು: ನನ್ನ ಅನುಭವ

ಮಗನಿಗೆ ಆಗ 15 ವರ್ಷ. ಓಟದ ಹುಚ್ಚು. ಒಂದು ರಾತ್ರಿ ಅವನ ಕೈಯಲ್ಲಿದ್ದ ಸ್ಮಾರ್ಟ್‌ವಾಚ್ ಗುರ್ ಅಂತ ನಡುಗಿತು. ಬಗ್ಗಿ ನೋಡಿದೆ. ನಾಡಿ ಬಡಿತ 46. ಅವನಿಗೆ ಗೊತ್ತೇ ಆಗಲಿಲ್ಲ, ಮಗ್ಗುಲು ಬದಲಿಸಿ ಮಲಗಿದ. ನನಗೆ ಬೆಳಗಿನವರೆಗೂ ನಿದ್ದೆ ಬರಲಿಲ್ಲ.

ಯಾಕೆಂದರೆ ಎರಡು ವಾರದಿಂದ ಅವನು "ಅಮ್ಮಾ, ಓಡಿದ್ಮೇಲೆ ಉಸಿರೇ ಸಾಲಲ್ಲ" ಅನ್ನುತ್ತಿದ್ದ. ಬಡಿತ ಕಡಿಮೆ, ಉಸಿರೂ ಸಾಲದು. ಎರಡನ್ನೂ ಸೇರಿಸಿ ಗಂಟು ಹಾಕಿದೆ. ಹೃದಯಕ್ಕೇ ಏನೋ ಆಗಿದೆ ಅಂತ ನಾನೇ ತೀರ್ಪು ಕೊಟ್ಟುಬಿಟ್ಟೆ.

ಮೊದಲು ಹೋದ ಕ್ಲಿನಿಕ್ಕಿನಲ್ಲಿ ನಾಡಿಯನ್ನೂ ಹಿಡಿದು ನೋಡಲಿಲ್ಲ. "ಪರೀಕ್ಷೆ ಟೆನ್ಶನ್, ಈ ವಯಸ್ಸಲ್ಲಿ ಇರುತ್ತೆ" ಅಂದು ಕಳಿಸಿದರು. ಸಿಟ್ಟು ಬಂತು. ಮನೆಗೆ ಬಂದು ನಾನೇ ಡಾಕ್ಟರಾದೆ. ಆ ಮೂರು ದಿನ ಮಾಡಿದ್ದೆಲ್ಲ ಎಡವಟ್ಟೇ. ಹೊತ್ತುಗೊತ್ತಿಲ್ಲದೆ ಅವನ ಮಣಿಕಟ್ಟು ಹಿಡಿಯುತ್ತಿದ್ದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುತ್ತಿದ್ದೆ. ಒಮ್ಮೆ 52, ಐದು ನಿಮಿಷ ಬಿಟ್ಟು 64. ಒಂದು ಬಡಿತ ಎಣಿಕೆ ತಪ್ಪಿದರೂ ಲೆಕ್ಕದಲ್ಲಿ ನಾಲ್ಕು ತಪ್ಪುತ್ತೆ ಅಲ್ವಾ, ಅದು ಹೊಳೆಯಲೇ ಇಲ್ಲ. ರಕ್ತದಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಬೆರಳಿಗೆ ಹಾಕಿದೆ, 89 ತೋರಿಸಿತು. ನನ್ನ ಕೈಕಾಲು ತಣ್ಣಗಾಯಿತು. ನಿಜವಾಗಿ ತಣ್ಣಗಿದ್ದದ್ದು ಅವನ ಬೆರಳು. ಉಜ್ಜಿ ಬಿಸಿ ಮಾಡಿ ಮತ್ತೆ ಹಾಕಿದರೆ 98!

ಕೊನೆಗೆ ಅವನೇ ಅಂದ: "ನೀನು ಹೀಗೆ ಮುಖ ನೋಡ್ತಾ ಕೂತ್ರೆ ನಂಗೆ ಸುಮ್ನೆ ಕೂತಾಗ್ಲೂ ಉಸಿರು ಕಟ್ಟುತ್ತೆ."

ಬೇರೆ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು ಇಷ್ಟು. ಓಡುವಾಗ ಎಂದಾದರೂ ಪ್ರಜ್ಞೆ ತಪ್ಪಿ ಬಿದ್ದಿದ್ದಾನಾ? ಎದೆನೋವು ಇದೆಯಾ? ತುಟಿ ನೀಲಿಯಾಗುತ್ತಾ? ಒಂದು ವಾಕ್ಯ ಪೂರ್ತಿ ಮಾತಾಡಲು ಆಗುತ್ತಾ? ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಹಠಾತ್ತಾಗಿ ತೀರಿಕೊಂಡವರು ಇದ್ದಾರಾ? ಇತ್ತೀಚೆಗೆ ಜ್ವರ ಬಂದಿತ್ತಾ? ಒಂದೂ ಇರಲಿಲ್ಲ. ಬಿದ್ದಿದ್ದರೆ, ತುಟಿ ನೀಲಿಯಾಗಿದ್ದರೆ, ಮಾತಾಡಲು ಕಷ್ಟವಾಗಿದ್ದರೆ ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ ಅಂದರು. ಈಗ ಬೇಡ, ನಾಲ್ಕು ದಿನ ಬರೆದಿಟ್ಟುಕೊಂಡು ಬನ್ನಿ, ಅಲ್ಲಿಯವರೆಗೆ ಜೋರು ಓಟ ಬೇಡ, ನಿಧಾನದ ಓಟ ಸಾಕು ಅಂದರು.

ಬರೆಯುವ ಕ್ರಮವನ್ನೂ ಅವರೇ ಹೇಳಿಕೊಟ್ಟರು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಎಣಿಸಬೇಕು. ತೋರುಬೆರಳು, ನಡುಬೆರಳು ಮಾತ್ರ. ಹೆಬ್ಬೆರಳಿಗೆ ತನ್ನದೇ ಬಡಿತ ಇರುತ್ತೆ, ಅದನ್ನೇ ಎಣಿಸಿಬಿಡುತ್ತೇವೆ. ಪೂರ್ತಿ 60 ಸೆಕೆಂಡ್. ನಾಲ್ಕು ಬೆಳಿಗ್ಗೆ 53, 55, 52, 54 ಬಂತು. ಬಡಿತ ಒಮ್ಮೆ ಚುರುಕು ಒಮ್ಮೆ ನಿಧಾನ ಆಗುತ್ತಿತ್ತು. "ತಪ್ಪುತ್ತಿದೆ" ಅಂತ ಕೆಂಪು ಪೆನ್ನಿನಲ್ಲಿ ಬರೆದೆ. ಆಮೇಲೆ ಗೊತ್ತಾಯಿತು, ಉಸಿರು ಒಳಗೆ ಎಳೆದಾಗ ಬಡಿತ ಏರುವುದು, ಬಿಟ್ಟಾಗ ಇಳಿಯುವುದು ಈ ವಯಸ್ಸಿನಲ್ಲಿ ಮಾಮೂಲಿ.

ಕೆಲಸಕ್ಕೆ ಬಂದದ್ದು ಮಾತ್ರ ಇನ್ನೊಂದು ಪುಟ. ಅದು ಹೀಗಿತ್ತು: "ಸಂಜೆ 5:40, ಓಟ ನಿಲ್ಲಿಸಿದ, ನಾಡಿ 158. ನಗುತ್ತಿದ್ದಾನೆ. 5:46, ಒಣಕೆಮ್ಮು ಶುರು. 5:50, ಮೊಣಕಾಲ ಮೇಲೆ ಕೈಯೂರಿ ನಿಂತ. ಉಸಿರು ಬಿಡುವಾಗ ಸುಯ್ ಅನ್ನುವ ಸದ್ದು. 6:20, ಸರಿಯಾದ." ಏದುಸಿರು ಓಡುವಾಗ ಅಲ್ಲ, ನಿಂತ ಮೇಲೆ ಬರುತ್ತಿತ್ತು. ಮೂರು ಸಂಜೆಯೂ ಅದೇ ಕಥೆ. ಎರಡು ವಾರದಿಂದ ನಾನು ಇದನ್ನು ಗಮನಿಸಿರಲೇ ಇಲ್ಲ.

ಡಾಕ್ಟರ್ ಆ ಪುಟವನ್ನು ಎರಡು ಸಲ ಓದಿದರು. ಆಮೇಲೆ ನನ್ನನ್ನು ಹೊರಗೆ ಕಳಿಸಿ ಅವನ ಜೊತೆ ಹತ್ತು ನಿಮಿಷ ಮಾತಾಡಿದರು. ಕಸಿವಿಸಿಯಾಯಿತು. ಊಟ ಬಿಡುತ್ತಿದ್ದಾನಾ, ತೂಕ ಇಳಿದಿದೆಯಾ, ಏನಾದರೂ ಮಾತ್ರೆ, ಸಿಗರೇಟು, ವೇಪ್ ಇದೆಯಾ ಅಂತ ಕೇಳಿದರಂತೆ. ಹೊಟ್ಟೆಗೆ ಸಾಲದೆ ಓಡಿದರೂ ನಾಡಿ ಇಳಿಯುತ್ತೆ, ಹುಡುಗರಲ್ಲೂ ಅದು ಇದೆ ಅಂದರು. ಅಮ್ಮ ಪಕ್ಕದಲ್ಲಿದ್ದರೆ ಅದನ್ನೆಲ್ಲ ಯಾವ ಹುಡುಗ ಬಾಯಿಬಿಡುತ್ತಾನೆ?

ಇಸಿಜಿ ಮಾಡಿಸಿದರು. ಬಡಿತ ನಿಧಾನ, ಆದರೆ ಹೃದಯದ ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ಸಂಕೇತ ಹೋಗುವುದರಲ್ಲಿ ಎಲ್ಲೂ ತಡೆ ಇಲ್ಲ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಸರಿ. ಥೈರಾಯ್ಡ್ ಸರಿ, ಅದು ಮಂದವಾದರೂ ನಾಡಿ ಇಳಿಯುತ್ತಂತೆ. ಹಿಮೋಗ್ಲೋಬಿನ್ ಕೂಡ ಸರಿ. ರಕ್ತ ಕಡಿಮೆ ಇದ್ದರೆ ಏದುಸಿರು ಬರುತ್ತೆ, ಆದರೆ ಆಗ ನಾಡಿ ಸಾಮಾನ್ಯವಾಗಿ ಓಡುತ್ತೆ, ನಿಧಾನ ಆಗಲ್ಲ. ಇದನ್ನು ಕೇಳಿದಾಗಲೇ ನನ್ನ ಗಂಟು ಸ್ವಲ್ಪ ಸಡಿಲವಾದದ್ದು.

"ಬೇಕಾದಾಗ 158ಕ್ಕೆ ಏರುತ್ತಿದೆಯಲ್ಲ, ಆ ಹೃದಯ ಕೆಲಸ ಮಾಡ್ತಿದೆ" ಅಂದರು ಡಾಕ್ಟರ್. ಸುಮ್ಮನಿರುವಾಗ 60ರಿಂದ 100 ಅನ್ನುವುದು ಎಚ್ಚರವಾಗಿರುವವರ ಲೆಕ್ಕ. ನಿದ್ದೆಯಲ್ಲಿ, ಅದರಲ್ಲೂ ಓಡಿ ಪಳಗಿದ ಹುಡುಗನಿಗೆ, 40ರಿಂದ 50ರ ನಡುವೆ ಸುಳಿದಾಡುವುದು ಅಪರೂಪ ಅಲ್ಲ.

ಉಸಿರಿನದು ಬೇರೆಯೇ ವಿಷಯ. ಕೂತು ಊದಿದಾಗ ಸ್ಪೈರೋಮೆಟ್ರಿ, ಅಂದರೆ ಊದಿಸಿ ಉಸಿರು ಅಳೆಯುವ ಪರೀಕ್ಷೆ, ಚೆನ್ನಾಗಿಯೇ ಬಂತು. ಓಡಿಸಿ, ಹತ್ತು ನಿಮಿಷ ಬಿಟ್ಟು ಊದಿಸಿದರೆ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ 18% ಇಳಿದಿತ್ತು. 10% ಇಳಿದರೇ ಪರೀಕ್ಷೆ ಪಾಸಿಟಿವ್. ಓಡುವಾಗ ಬಾಯಿಂದ ಜಾಸ್ತಿ ಗಾಳಿ ಎಳೆಯುತ್ತೇವೆ, ಶ್ವಾಸನಾಳ ಒಣಗುತ್ತೆ, ನಿಂತ ಮೇಲೆ ಬಿಗಿಯುತ್ತೆ. ವ್ಯಾಯಾಮದಿಂದ ಬರುವ ಉಬ್ಬಸ.

ಓಟಕ್ಕೆ 15 ನಿಮಿಷ ಮುಂಚೆ ಇನ್‌ಹೇಲರ್, ಅದಕ್ಕೆ ಸಿಕ್ಕಿಸುವ ಸ್ಪೇಸರ್ ಅನ್ನುವ ಕೊಳವೆ ಹಾಕಿಯೇ. ಆಮೇಲೆ ನಿಧಾನವಾಗಿ ಮೈ ಬಿಸಿ ಮಾಡಿಕೊಂಡು ಓಟ. ಇನ್‌ಹೇಲರ್ ದಿನಾ ಬೇಕು ಅನ್ನಿಸತೊಡಗಿದರೆ ಸುಮ್ಮನಿರದೆ ಬನ್ನಿ, ಬೇರೆ ಔಷಧ ಸೇರಿಸಬೇಕಾಗುತ್ತೆ ಅಂದಿದ್ದಾರೆ. ಮೊದಲ ವಾರ ಸ್ಪೇಸರ್ ಒಯ್ಯಲು ನಾಚಿಕೆ ಅಂತ ಬಿಟ್ಟುಹೋದ, ಕೆಮ್ಮುತ್ತಾ ಬಂದ. ಈಗ ಅವನೇ ಶೂ ಪಕ್ಕ ಇಟ್ಟುಕೊಳ್ಳುತ್ತಾನೆ.

ವಾಚಿನ ಎಚ್ಚರಿಕೆಯನ್ನು ಡಾಕ್ಟರನ್ನು ಕೇಳಿಯೇ 50ರಿಂದ 40ಕ್ಕೆ ಇಳಿಸಿದೆವು. ಆರು ತಿಂಗಳಾಯಿತು, ಒಮ್ಮೆಯೂ ನಡುಗಿಲ್ಲ.