ಗಿಡ್ಡ ಬ್ಯಾರೆಲ್‌ನ ಪಿಸ್ತೂಲಿಗೆ ಒಪ್ಪುವ ತೋಟಾ ಆರಿಸುವುದು ಹೇಗೆ?

"ಸರ್, ಇದು ಜಾಸ್ತಿ ಸ್ಪೀಡಿಂದು. ಇದನ್ನೇ ತಗೊಂಡ್ರೆ ಒಳ್ಳೇದಲ್ವಾ?"

ದಾವಣಗೆರೆಯಲ್ಲಿ ಏರ್ ಪಿಸ್ತೂಲಿನಿಂದ ಶುರು ಮಾಡಿ ಈಗ .22 (ಬ್ಯಾರೆಲ್ ತೂತು ಸುಮಾರು 0.22 ಇಂಚಿನ ಪಿಸ್ತೂಲ್) ಹಿಡಿಯುತ್ತಿರುವ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಮೊಬೈಲಿನಲ್ಲಿ ತೋಟಾದ ಡಬ್ಬಿಯ ಚಿತ್ರ ತೋರಿಸುತ್ತಿದ್ದಳು. ಡಬ್ಬಿಯ ಮೇಲೆ ದಪ್ಪ ಅಕ್ಷರಗಳಲ್ಲಿ 'ಹೈ ವೆಲಾಸಿಟಿ' ಎಂದಿತ್ತು. ಬೇಡಮ್ಮ ಎಂದೆ. ಯಾಕೆ ಎಂದು ಕೇಳಿದಳು. ಆಗ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಒಂದು ಸಲಕ್ಕೆ ಒಂದೇ ತೋಟಾ ಹಾಕಿ ಹೊಡೆಯುವ ಗುರಿ ಪಿಸ್ತೂಲ್ ಇರುವವರಿಗೆ, ಅಂದರೆ 50 ಮೀಟರ್ ಪಿಸ್ತೂಲ್ ಅಭ್ಯಾಸ ಮಾಡುವವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಈ ಸ್ಪರ್ಧೆ 2016ರ ರಿಯೊ ಒಲಿಂಪಿಕ್ಸ್ ನಂತರ ಒಲಿಂಪಿಕ್ಸ್‌ನಿಂದ ಹೊರಗೆ ಹೋಯಿತು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ರಿಯೊದಲ್ಲಿ ಹೊಡೆದದ್ದು ಇದೇ ಸ್ಪರ್ಧೆಯಲ್ಲಿ. ಒಲಿಂಪಿಕ್ಸ್‌ನಲ್ಲಿ ಇಲ್ಲದಿದ್ದರೂ ಪಿಸ್ತೂಲ್ ಶೂಟಿಂಗ್ ಕಲಿಸುವುದರಲ್ಲಿ ಇದಕ್ಕಿಂತ ದೊಡ್ಡ ಗುರು ಇಲ್ಲ ಎಂದು ನಾನು ನಂಬಿದ್ದೇನೆ.

ಮೊದಲು ಬ್ಯಾರೆಲ್ ಮೇಲಿನ ಬರಹ ಓದಿ

ಲೈಸೆನ್ಸ್ ವಿಷಯ ಮೊದಲು. .22 ಪಿಸ್ತೂಲಿಗೂ ಅದರ ತೋಟಾಕ್ಕೂ 1959ರ ಶಸ್ತ್ರಾಸ್ತ್ರ ಕಾಯ್ದೆ ಅನ್ವಯಿಸುತ್ತದೆ. ಲೈಸೆನ್ಸ್‌ಗೆ ಜಿಲ್ಲಾಧಿಕಾರಿ ಕಚೇರಿಗೆ, ಪೊಲೀಸ್ ಕಮಿಷನರ್ ಇರುವ ನಗರಗಳಲ್ಲಿ ಅವರ ಕಚೇರಿಗೆ ಹೋಗಬೇಕು. ತೋಟಾವನ್ನು ಲೈಸೆನ್ಸ್ ಇರುವ ಅಂಗಡಿಯಲ್ಲೇ ಕೊಳ್ಳಬೇಕು, ಲೈಸೆನ್ಸ್‌ನಲ್ಲಿ ಬರೆದಷ್ಟೇ ಕೊಳ್ಳಬೇಕು. ಗೆಳೆಯನ ಹತ್ತಿರ ಉಳಿದಿದೆ ಅಂತ ಸುಮ್ನೆ ಇಸ್ಕೊಂಡು ಬರುವ ಹಾಗಿಲ್ಲ.

ಆಮೇಲೆ ಪಿಸ್ತೂಲನ್ನು ಕೈಗೆತ್ತಿಕೊಳ್ಳಿ. ಖಾಲಿ ಇದೆಯೇ ಎಂದು ಎರಡು ಸಲ ನೋಡಿ. ಬ್ಯಾರೆಲ್ ಮೇಲೆ '.22 ಎಲ್‌ಆರ್' ಅಥವಾ '.22 ಲಾಂಗ್ ರೈಫಲ್' ಎಂದು ಕೊರೆದಿರುತ್ತದೆ. ಹೆಸರಿನಲ್ಲಿ ರೈಫಲ್ ಇದ್ದರೂ ಪಿಸ್ತೂಲಿಗೂ ಇದೇ ತೋಟಾ. 1887ರಿಂದ ಬಳಕೆಯಲ್ಲಿದೆ. .22 ಎಂಬ ಹೆಸರು ಹೊತ್ತ ಇನ್ನೂ ಕೆಲವು ತೋಟಾಗಳಿವೆ. .22 ಶಾರ್ಟ್ ಇದಕ್ಕಿಂತ ಗಿಡ್ಡ. ಅದು ಲಾಂಗ್ ರೈಫಲ್ ಚೇಂಬರಿನಲ್ಲಿ, ಅಂದರೆ ಬ್ಯಾರೆಲ್ ಬುಡದಲ್ಲಿ ತೋಟಾ ಕೂರುವ ಗೂಡಿನಲ್ಲಿ, ಕೂರುತ್ತದೆ, ಹೊಡೆಯುತ್ತದೆ ಕೂಡ. ಆದರೆ ಹೊಡೆಯುತ್ತಾ ಹೋದರೆ ಚೇಂಬರಿನಲ್ಲಿ ಮಸಿಯ ಉಂಗುರ ಕಟ್ಟುತ್ತದೆ. ಆಮೇಲೆ ಉದ್ದದ ತೋಟಾ ಸರಿಯಾಗಿ ಕೂರುವುದಿಲ್ಲ. .22 ಮ್ಯಾಗ್ನಂ ಬೇರೆಯದೇ ತೋಟಾ, ಅದರ ದಪ್ಪವೇ ಬೇರೆ. ಬ್ಯಾರೆಲ್ ಮೇಲೆ ಏನಿದೆಯೋ ಅದನ್ನೇ ಹಾಕಿ. ಇದರಲ್ಲಿ ಪ್ರಯೋಗ ಬೇಡ.

ಡಬ್ಬಿಯ ಮೇಲಿನ ವೇಗ ನಿಮ್ಮದಲ್ಲ

ನನಗೆ ತುಂಬಾ ಮುಖ್ಯ ಅನ್ನಿಸುವ ಮಾತು ಇದು. ಡಬ್ಬಿಯ ಮೇಲೆ ಬರೆದ ವೇಗವನ್ನು ಸಾಮಾನ್ಯವಾಗಿ ರೈಫಲ್ಲಿನಷ್ಟು ಉದ್ದದ ಬ್ಯಾರೆಲ್‌ನಲ್ಲಿ ಅಳೆದಿರುತ್ತಾರೆ. 50 ಮೀಟರ್ ಪಿಸ್ತೂಲಿನ ಬ್ಯಾರೆಲ್ 25ರಿಂದ 30 ಸೆಂಟಿಮೀಟರ್ ಇದ್ದರೆ ಹೆಚ್ಚು. 25 ಮೀಟರ್ ಸ್ಪರ್ಧೆಯ ಪಿಸ್ತೂಲಿಗಂತೂ 153 ಮಿಲಿಮೀಟರ್ ಮೀರಬಾರದು ಎಂಬ ನಿಯಮವೇ ಇದೆ.

ಮದ್ದು ಉರಿದಾಗ ಹುಟ್ಟುವ ಬಿಸಿಗಾಳಿ ಗುಂಡನ್ನು ಹಿಂದಿನಿಂದ ತಳ್ಳುತ್ತದೆ. ಬ್ಯಾರೆಲ್ ಉದ್ದ ಇದ್ದರೆ ಜಾಸ್ತಿ ದೂರ ತಳ್ಳುತ್ತದೆ, ಗಿಡ್ಡ ಇದ್ದರೆ ತಳ್ಳುವುದು ಬೇಗ ಮುಗಿಯುತ್ತದೆ. ಹಾಗಾಗಿ ಪಿಸ್ತೂಲಿನಲ್ಲಿ ವೇಗ ಸುಮಾರು ಹತ್ತನೇ ಒಂದು ಪಾಲು ಕಡಿಮೆಯಾಗುತ್ತದೆ, ಬ್ಯಾರೆಲ್ ತೀರಾ ಗಿಡ್ಡ ಇದ್ದರೆ ಇನ್ನೂ ಜಾಸ್ತಿ. ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾದ ಗುಂಡು ರೈಫಲ್ಲಿನಿಂದ ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಟರೆ, ನಮ್ಮ ಪಿಸ್ತೂಲಿನಿಂದ 290ರ ಆಚೀಚೆ ಹೊರಡುತ್ತದೆ.

ಇದರಿಂದ ನಷ್ಟ ಏನೂ ಇಲ್ಲ, ನಿಜ ಹೇಳಬೇಕೆಂದರೆ ಲಾಭ. ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 343 ಮೀಟರ್. ಗುಂಡು ಆ ವೇಗದ ಹತ್ತಿರ ಬಂದಾಗ ಗಾಳಿಯ ತಡೆ ಒಮ್ಮೆಲೇ ಏರುತ್ತದೆ, ಗುಂಡು ಅಲುಗಾಡುವುದೂ ಉಂಟು. ಸ್ಟ್ಯಾಂಡರ್ಡ್ ತೋಟಾ ಆ ಗಡಿಯ ಕೆಳಗೇ ಉಳಿದು ಸುಗಮವಾಗಿ ಹೋಗುತ್ತದೆ. ಈಗ ಆ ಹುಡುಗಿ ತೋರಿಸಿದ ಹೈ ವೆಲಾಸಿಟಿ ತೋಟಾ ನೋಡಿ. ರೈಫಲ್ಲಿನಲ್ಲಿ ಅದರ ವೇಗ ಸುಮಾರು 380 ಮೀಟರ್. ಪಿಸ್ತೂಲಿನಲ್ಲಿ ಅದು ಇಳಿದು ಸರಿಯಾಗಿ ಶಬ್ದದ ವೇಗದ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಯಾವ ಜಾಗದಲ್ಲಿ ತೊಂದರೆಯೋ ಅಲ್ಲಿಗೇ ನಾವಾಗಿ ಹೋದಂತೆ. ಜೊತೆಗೆ ಸದ್ದು ಜಾಸ್ತಿ, ಒದೆತ ಜಾಸ್ತಿ. ಒಂದೇ ಕೈಯಲ್ಲಿ ಹಿಡಿದು ಅರವತ್ತು ಗುಂಡು ಹೊಡೆಯುವವರಿಗೆ ಈ ಒದೆತ ಮೂವತ್ತನೇ ಗುಂಡಿನ ಹೊತ್ತಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಚಿತ್ರದುರ್ಗದ ಕಡೆಯವರು ಇನ್ನೊಂದನ್ನೂ ಗಮನಿಸಬೇಕು. ಜೋಗಿಮಟ್ಟಿಯ ಸುತ್ತ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ, ಅಲ್ಲಿನ ಗಾಳಿ ಅಂಥದ್ದು. ವೇಗದ ಗುಂಡನ್ನು ಗಾಳಿ ಕಡಿಮೆ ತಳ್ಳುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. .22ರಲ್ಲಿ ಇದು ಉಲ್ಟಾ. ಗಾಳಿಯ ತಡೆಯಿಂದ ಗುಂಡು ಎಷ್ಟು ಹಿಂದೆ ಬೀಳುತ್ತದೋ ಅಷ್ಟು ಪಕ್ಕಕ್ಕೆ ಸರಿಯುತ್ತದೆ. ಶಬ್ದದ ವೇಗದ ಹತ್ತಿರವಿರುವ ಗುಂಡಿಗೆ ತಡೆ ಜಾಸ್ತಿ, ಹಾಗಾಗಿ ಸರಿಯುವುದೂ ಜಾಸ್ತಿ. ನಿಧಾನದ ಗುಂಡೇ ನೇರ ಹೋಗುತ್ತದೆ.

ಅತಿ ವೇಗದ ಇನ್ನೊಂದು ಜಾತಿ ಇದೆ. ಅದರಲ್ಲಿ ಸಿಸಿಐ ಕಂಪನಿಯ ಸ್ಟಿಂಗರ್ ಹೆಸರು ನೀವು ಕೇಳಿರಬಹುದು. ಅದರ ಹಿತ್ತಾಳೆ ಕೇಸು ಮಾಮೂಲಿಗಿಂತ ಉದ್ದ. ಗುರಿ ಪಿಸ್ತೂಲಿನ ಬಿಗಿ ಚೇಂಬರಿಗೆ ಅದನ್ನು ಹಾಕಲೇಬಾರದು.

ಯಾವ್ಯಾವುದನ್ನು ತರಬೇಕು

40 ಗ್ರೇನ್ ತೂಕದ, ಅಂದರೆ 2.6 ಗ್ರಾಮಿನ, ತಾಮ್ರದ ಲೇಪ ಇಲ್ಲದ ಸೀಸದ ಗುಂಡು ತೆಗೆದುಕೊಳ್ಳಿ. .22ರ ಬ್ಯಾರೆಲ್ ಒಳಗಿನ ಸುರುಳಿ ಗೆರೆಗಳು ಸಾಮಾನ್ಯವಾಗಿ 16 ಇಂಚಿಗೆ ಒಂದು ಸುತ್ತು ಹಾಕುವಂತೆ ಇರುತ್ತವೆ, ಈ ತೂಕದ ಗುಂಡಿಗೆ ಒಪ್ಪುವ ಲೆಕ್ಕ ಅದು. 16 ಇಂಚು ಎಂದರೆ 40 ಸೆಂಟಿಮೀಟರ್. ನಮ್ಮ ಪಿಸ್ತೂಲಿನ ಬ್ಯಾರೆಲ್ ಅಷ್ಟು ಉದ್ದವೇ ಇಲ್ಲ! ಗುಂಡು ಒಂದು ಪೂರ್ತಿ ಸುತ್ತು ತಿರುಗುವ ಮೊದಲೇ ಹೊರಗೆ ಬಂದಿರುತ್ತದೆ. ಆದರೂ ಹೊರಬಂದ ಮೇಲೆ ಸೆಕೆಂಡಿಗೆ ಏಳುನೂರು ಸುತ್ತಿನಷ್ಟು ತಿರುಗುತ್ತಾ ಹೋಗುತ್ತದೆ. ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ನನಗೆ ನಿಜಕ್ಕೂ ಅಚ್ಚರಿಯಾಗಿತ್ತು.

ಅಭ್ಯಾಸಕ್ಕೆ ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ, ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್ ಥರದ್ದು ಸಾಕು. ಪಂದ್ಯಕ್ಕೆ ಎಸ್‌ಕೆ ಪಿಸ್ತೂಲ್ ಮ್ಯಾಚ್, ಲಪುವಾ, ಆರ್‌ಡಬ್ಲ್ಯೂಎಸ್, ಈಲಿ ಟೆನೆಕ್ಸ್ ಇವುಗಳ ಹೆಸರು ಶೂಟರ್‌ಗಳ ಬಾಯಲ್ಲಿ ಸದಾ ಇರುತ್ತದೆ. ಅಂಗಡಿಯಲ್ಲಿ ಎಲ್ಲವೂ ಎಲ್ಲ ಕಾಲಕ್ಕೂ ಸಿಗುವುದಿಲ್ಲ. ಸಿಕ್ಕಿದ್ದರಲ್ಲಿ ಮೂರ್ನಾಲ್ಕು ಬಗೆಯನ್ನು ಒಂದೆರಡು ಡಬ್ಬಿಯಂತೆ ತನ್ನಿ. ದುಬಾರಿಯದನ್ನೇ ತರಬೇಕು ಎಂದೇನಿಲ್ಲ. ಯಾವುದು ಒಳ್ಳೆಯದು ಎಂದು ನನ್ನನ್ನು ಕೇಳಬೇಡಿ, ನಿಮ್ಮ ಬ್ಯಾರೆಲನ್ನು ಕೇಳಿ. ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಪಿಸ್ತೂಲುಗಳಿಗೆ ಬೇರೆ ಬೇರೆ ತೋಟಾ ಒಪ್ಪುವುದನ್ನು ಕಣ್ಣಾರೆ ನೋಡಿದ್ದೇನೆ.

ಬ್ಯಾರೆಲನ್ನು ಕೇಳುವ ಬಗೆ

ಇದಕ್ಕೆ ಒಂದು ಬೆಳಗ್ಗೆ ಪೂರ್ತಿ ಇಟ್ಟುಕೊಳ್ಳಿ. ಗಾಳಿ ಏಳುವ ಮೊದಲೇ ರೇಂಜಿನಲ್ಲಿರಬೇಕು. ಮೇಜಿನ ಮೇಲೆ ಮರಳಿನ ಚೀಲ ಇಟ್ಟು, ಪಿಸ್ತೂಲಿನ ಹಿಡಿ ಮತ್ತು ಮಣಿಕಟ್ಟು ಅದರ ಮೇಲೆ ಕೂರುವಂತೆ ಮಾಡಿ. ಬ್ಯಾರೆಲನ್ನು ನೇರವಾಗಿ ಚೀಲದ ಮೇಲೆ ಒರಗಿಸಬೇಡಿ, ಗುಂಡು ಬೇರೆ ಕಡೆ ಬೀಳುತ್ತದೆ. ಕೈ ಚಾಚಿ ನಿಂತು ಹೊಡೆದು ತೋಟಾ ಪರೀಕ್ಷೆ ಮಾಡಿದರೆ ಅದು ನಿಮ್ಮ ಕೈಯ ಪರೀಕ್ಷೆಯಾಗುತ್ತದೆ, ತೋಟಾದ್ದಲ್ಲ.

ಒಂದು ಬಗೆಯ ತೋಟಾದಿಂದ ಇನ್ನೊಂದಕ್ಕೆ ಹೋದಾಗ ಮೊದಲ ಹದಿನೈದು ಇಪ್ಪತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. .22 ಗುಂಡಿನ ಮೈಗೆ ಮೇಣ ಅಥವಾ ಜಿಡ್ಡು ಸವರಿರುತ್ತಾರೆ. ಒಬ್ಬೊಬ್ಬ ತಯಾರಕರದು ಒಂದೊಂದು ಥರ. ಹಳೆಯದರ ಪದರ ಹೋಗಿ ಹೊಸದರ ಪದರ ಬ್ಯಾರೆಲ್ ಒಳಗೆ ಕೂರಬೇಕು. ಬೆಣ್ಣೆ ದೋಸೆ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಗ್ಗೆ ಕಾವಲಿ ಹದಕ್ಕೆ ಬರುವವರೆಗಿನ ದೋಸೆ ನೋಡಿ ಹಿಟ್ಟು ಕೆಟ್ಟಿದೆ ಎಂದು ಯಾರಾದರೂ ಹೇಳುತ್ತಾರೆಯೇ? ಈ ಒಂದು ತಪ್ಪಿನಿಂದ ಒಳ್ಳೆಯ ತೋಟಾವನ್ನು ಕೆಟ್ಟದು ಎಂದು ತಿಳಿದು ಬಿಟ್ಟವರು ಎಷ್ಟೋ ಜನ.

ಆಮೇಲೆ ಹತ್ತು ಗುಂಡಿಗೆ ಒಂದು ಗುರಿ ಕಾಗದದಂತೆ ಹೊಡೆಯಿರಿ. ಒಂದೊಂದು ಬಗೆಗೂ ಕನಿಷ್ಠ ಮೂರು ಕಾಗದ ಬೇಕು, ಐದಾದರೆ ಇನ್ನೂ ಒಳ್ಳೆಯದು. ಮೂರೇ ಗುಂಡು ಹೊಡೆದು, ಮೂರೂ ಒಂದೇ ತೂತಿನಲ್ಲಿ ಬಿದ್ದವು ಎಂದು ಕುಣಿಯಬೇಡಿ. ಮೂರು ಗುಂಡು ಯಾವ ತೋಟಾದಲ್ಲೂ ಒಮ್ಮೊಮ್ಮೆ ಒಟ್ಟಿಗೆ ಬೀಳುತ್ತವೆ. ಪ್ರತಿ ಕಾಗದದಲ್ಲೂ ಅತಿ ದೂರ ಇರುವ ಎರಡು ತೂತುಗಳ ನಡುವನ್ನು ಸ್ಕೇಲಿನಲ್ಲಿ ಅಳೆದು ಬರೆದಿಡಿ. ಮಧ್ಯಕ್ಕೆ ಬಿದ್ದಿದೆಯೇ ಎಂದು ಈಗ ನೋಡುವುದು ಬೇಡ, ಅದನ್ನು ಪಿಸ್ತೂಲಿನ ಮೇಲೆ ಗುರಿ ನೋಡುವ ಸೈಟ್ ತಿರುಗಿಸಿ ಸರಿ ಮಾಡಬಹುದು. ತೂತುಗಳ ಗುಂಪು ಎಷ್ಟು ಚಿಕ್ಕದು ಎಂಬುದಷ್ಟೇ ಈಗಿನ ಲೆಕ್ಕ.

50 ಮೀಟರ್ ಗುರಿಯಲ್ಲಿ ಹತ್ತರ ವೃತ್ತದ ಅಗಲ 50 ಮಿಲಿಮೀಟರ್. ಚೀಲದ ಮೇಲಿಟ್ಟು ಹೊಡೆದಾಗ ಹತ್ತೂ ಗುಂಡು ಅದರೊಳಗೆ ಆರಾಮಾಗಿ ಕೂರಬೇಕು, ಸುತ್ತ ಜಾಗವೂ ಉಳಿಯಬೇಕು. ಆ ಉಳಿದ ಜಾಗ ನಿಮ್ಮ ಕೈ ನಡುಕಕ್ಕೆ.

ಗುಂಪಿನ ಆಕಾರವನ್ನೂ ನೋಡಿ. ಮೇಲಿಂದ ಕೆಳಕ್ಕೆ ಉದ್ದಕ್ಕೆ ಎಳೆದಂತಿದ್ದರೆ ತೋಟಾದಿಂದ ತೋಟಾಕ್ಕೆ ವೇಗ ಬದಲಾಗುತ್ತಿರಬಹುದು. ಒಂದು ಗುಂಡು 290, ಇನ್ನೊಂದು 300 ಮೀಟರ್ ವೇಗದಲ್ಲಿ ಹೊರಟರೆ 50 ಮೀಟರ್ ದೂರದಲ್ಲಿ ಬೀಳುವ ಜಾಗದಲ್ಲಿ ಹೆಚ್ಚು ಕಡಿಮೆ 1 ಸೆಂಟಿಮೀಟರ್ ವ್ಯತ್ಯಾಸ. ಅದೇ 25 ಮೀಟರ್‌ನಲ್ಲಿ ಸುಮಾರು 2.5 ಮಿಲಿಮೀಟರ್, ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ 50 ಮೀಟರ್‌ಗೆ ತೋಟಾ ಆರಿಸುವವರು 50 ಮೀಟರ್‌ನಲ್ಲೇ ಪರೀಕ್ಷಿಸಬೇಕು. ಇಷ್ಟು ದುಡ್ಡು ಕೊಟ್ಟು ಪಂದ್ಯದ ತೋಟಾ ಯಾಕೆ ಕೊಳ್ಳುತ್ತಾರೆ ಎಂದರೆ ಇದಕ್ಕೇ: ವೇಗಕ್ಕಲ್ಲ, ಒಂದರಂತೆ ಇನ್ನೊಂದು ಇರುವುದಕ್ಕೆ.

ಆ ಹುಡುಗಿಯ ಪಿಸ್ತೂಲಿಗೆ ಒಪ್ಪಿದ್ದು, ತಂದಿದ್ದ ನಾಲ್ಕರಲ್ಲಿ ಬೆಲೆಯಲ್ಲಿ ಎರಡನೆಯದು. ಎಲ್ಲಕ್ಕಿಂತ ದುಬಾರಿಯದು ಅವಳ ಬ್ಯಾರೆಲ್‌ನಲ್ಲಿ ಮೂರನೇ ಸ್ಥಾನಕ್ಕೆ ಹೋಯಿತು.

ಪರೀಕ್ಷೆಯ ಮಧ್ಯೆ ಒಂದು ಎಚ್ಚರ. ಕುದುರೆ ಎಳೆದರೂ ತೋಟಾ ಹಾರದಿದ್ದರೆ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಮೂವತ್ತು ಸೆಕೆಂಡ್ ಕಾಯಿರಿ. .22ರಂಥ ರಿಮ್‌ಫೈರ್ ತೋಟಾದಲ್ಲಿ ಕಿಡಿ ಹೊತ್ತಿಸುವ ಮಸಾಲೆ ಬುಡದ ಅಂಚಿನೊಳಗೆ ಇರುತ್ತದೆ. ಅದು ಎಲ್ಲಾದರೂ ಖಾಲಿ ಉಳಿದರೆ ಹೀಗಾಗುತ್ತದೆ. ಇನ್ನು, ಸದ್ದು ಸಣ್ಣಗೆ 'ಟುಸ್' ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ಬ್ಯಾರೆಲ್‌ನಲ್ಲೇ ಸಿಕ್ಕಿಕೊಂಡಿರಬಹುದು. ಖಾಲಿ ಮಾಡಿ, ಹಿಂದಿನಿಂದ ಕಡ್ಡಿ ತೂರಿಸಿ ನೋಡುವ ತನಕ ಇನ್ನೊಂದು ತೋಟಾ ಹಾಕಬೇಡಿ. ಮುಗಿದ ಮೇಲೆ ತಣ್ಣೀರು, ಸೋಪಿನಲ್ಲಿ ಕೈ ತೊಳೆಯಿರಿ. ಸೀಸ ಕೈಯಲ್ಲಿರುವಾಗ ಮಂಡಕ್ಕಿ ಪೊಟ್ಟಣಕ್ಕೆ ಕೈ ಹಾಕಬಾರದು.

ಏರ್ ಪಿಸ್ತೂಲ್ ಇದ್ದವರಿಗೆ

ಇದೇ ಕೆಲಸ, ಇನ್ನೂ ಸುಲಭ. 20 ಜೌಲ್ ಒಳಗಿನ 4.5 ಮಿಲಿಮೀಟರ್ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಪಂದ್ಯದ ಪಿಸ್ತೂಲಿನ ಶಕ್ತಿ ಆರು ಜೌಲಿನ ಹತ್ತಿರ ಅಷ್ಟೆ. ಚಪ್ಪಟೆ ಮೂತಿಯ ಪೆಲೆಟ್ (ಏರ್ ಪಿಸ್ತೂಲಿನ ಪುಟ್ಟ ಗುಂಡು) ತನ್ನಿ, ಕಾಗದದಲ್ಲಿ ದುಂಡಗೆ ಚೊಕ್ಕ ತೂತು ಬೀಳುತ್ತದೆ. ಪಿಸ್ತೂಲಿಗೆಂದೇ 0.45 ಗ್ರಾಮಿನ ಹಗುರ ಪೆಲೆಟ್ ಬರುತ್ತದೆ, 0.53 ಗ್ರಾಮಿನದೂ ಕೆಲವು ಬ್ಯಾರೆಲ್‌ಗಳಿಗೆ ಚೆನ್ನಾಗಿ ಒಪ್ಪುತ್ತದೆ. ಡಬ್ಬಿಯ ಮೇಲೆ 4.49, 4.50 ಎಂದು ತಲೆಯ ಅಳತೆ ಇರುತ್ತದೆ, ಎರಡನ್ನೂ ಹೊಡೆದು ನೋಡಿ.

ಕೊಳ್ಳುವುದು, ಇಡುವುದು

ಒಪ್ಪುವ ತೋಟಾ ಸಿಕ್ಕ ಮೇಲೆ ಡಬ್ಬಿಯ ಮೇಲಿನ ಲಾಟ್ ನಂಬರ್, ಅಂದರೆ ಒಂದೇ ಸಲಕ್ಕೆ ತಯಾರಾದ ಕಂತಿನ ನಂಬರ್, ಬರೆದುಕೊಳ್ಳಿ. ಹೆಸರು ಅದೇ ಇದ್ದರೂ ಲಾಟ್ ಬದಲಾದರೆ ಗುಂಪು ಬದಲಾಗುತ್ತದೆ. ಹತ್ತಿ ವ್ಯಾಪಾರ ಮಾಡಿದ ಊರಿನವರಿಗೆ ಲಾಟ್ ಅಂದರೆ ಏನೆಂದು ಗೊತ್ತಿರುತ್ತದೆ. ಲೈಸೆನ್ಸ್ ಒಪ್ಪುವ ಮಿತಿಯೊಳಗೆ ಅದೇ ಲಾಟ್ ಎಷ್ಟು ಸಿಗುತ್ತದೋ ಅಷ್ಟು ಒಮ್ಮೆಲೇ ಕೊಳ್ಳಿ.

ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲನ್ನು ಮರೆಯಬೇಡಿ. ನಿಲ್ಲಿಸಿದ ಕಾರಿನ ಒಳಗೆ, ಬೈಕಿನ ಡಿಕ್ಕಿಯಲ್ಲಿ ತೋಟಾ ಇಡಬಾರದು. ಮೇಣ ಮೆತ್ತಗಾಗಿ ಧೂಳು ಹಿಡಿಯುತ್ತದೆ, ಮದ್ದು ಬಿಸಿಯಾದರೆ ವೇಗವೂ ಏರುತ್ತದೆ. ಮನೆಯಲ್ಲಿ ತಂಪಾದ, ಒಣ ಜಾಗದಲ್ಲಿ, ಪಿಸ್ತೂಲಿನಿಂದ ಬೇರೆಯಾಗಿ, ಬೀಗ ಹಾಕಿ ಇಡಿ. ರೇಂಜಿನಲ್ಲಿ ಡಬ್ಬಿಯನ್ನು ನೆರಳಲ್ಲೇ ತೆರೆಯಿರಿ. ಕೆಳಗೆ ಬಿದ್ದ ತೋಟಾವನ್ನು ಒರೆಸಿ ಪಕ್ಕಕ್ಕೆ ಇಡಿ, ಅಂಕ ಲೆಕ್ಕಕ್ಕೆ ಬರುವ ಗುಂಡಿಗೆ ಅದನ್ನು ಬಳಸಬೇಡಿ.

50 ಮೀಟರ್ ಪಂದ್ಯದಲ್ಲಿ ಅರವತ್ತು ಗುಂಡು, ಅದಕ್ಕೂ ಮೊದಲು ಹದಿನೈದು ನಿಮಿಷ ಗುರಿ ಹೊಂದಿಸಿಕೊಳ್ಳಲು ಎಷ್ಟು ಬೇಕೋ ಅಷ್ಟು. ಹೊರಡುವ ಹಿಂದಿನ ರಾತ್ರಿ ಅದೇ ಲಾಟಿನ ನೂರು ತೋಟಾ ಎಣಿಸಿ ಚೀಲಕ್ಕೆ ಹಾಕಿಕೊಳ್ಳಿ. ಬೇರೆ ಡಬ್ಬಿಯನ್ನು ಜೊತೆಗೆ ಒಯ್ಯಬೇಡಿ.